ಗ್ಯಾಸ್ಟ್ರಿಕ್ ಮಾತ್ರೆ ತಿಂಡಿಗೆ ಮೊದಲೇ ಏಕೆ?

ಪ್ರಶ್ನೆ: ರಾತ್ರಿ ಎದೆಯುರಿ ಬಂದಾಗ ಪ್ಯಾಂಟೊಪ್ರಜೋಲ್ ನುಂಗಿದರೆ ಕೂಡಲೇ ಗುಣ ಕಾಣುವುದಿಲ್ಲ. ವೈದ್ಯರೋ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಎನ್ನುತ್ತಾರೆ. ಉರಿಯೇ ಇಲ್ಲದ ಹೊತ್ತಿನಲ್ಲಿ ಮಾತ್ರೆ ಏಕೆ? (ಮಂಡ್ಯದ ಓದುಗರು)

ಉತ್ತರ: ಇದಕ್ಕೆ ನಾನು ಉತ್ತರಿಸುತ್ತಿರುವುದು ಎಷ್ಟನೆಯ ಸಲವೋ, ಲೆಕ್ಕವಿಟ್ಟಿಲ್ಲ. ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಅದರ ಬುಡದಲ್ಲಿರುವ ತಪ್ಪು ತಿಳಿವಳಿಕೆ ಒಂದೇ: ಮಾತ್ರೆ ಹೊಟ್ಟೆಗಿಳಿದು, ಅಲ್ಲಿ ನಿಂತಿರುವ ಆಮ್ಲವನ್ನು ಸುಣ್ಣದ ತಿಳಿಯಂತೆ ತಣಿಸುತ್ತದೆ ಎಂಬುದು. ಹಾಗೆ ತಣಿಸುವ ಔಷಧಗಳು ಇವೆ. ಗುಲಾಬಿ ಬಣ್ಣದ ಸಿರಪ್ಪು, ನೀರಿಗೆ ಹಾಕಿದರೆ ನೊರೆಯುಕ್ಕುವ ಪುಡಿ ಆ ಜಾತಿಯವು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು ಆ ಜಾತಿಯವಲ್ಲ. ಜಠರದಲ್ಲಿ ಆಗಲೇ ಸೇರಿರುವ ಆಮ್ಲದ ಒಂದು ಹನಿಯನ್ನೂ ಅವು ತಣಿಸುವುದಿಲ್ಲ.

ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಯಲ್ಲಿ ನಿಂತ ನೀರನ್ನು ಬಸಿಯುವುದು ಒಂದು ಕೆಲಸ, ನಾಲೆಯ ತೂಬನ್ನು ಮುಚ್ಚುವುದು ಇನ್ನೊಂದು. ಜಠರದ ಗೋಡೆಯ ಕೋಶಗಳಲ್ಲಿ ಪ್ರೋಟಾನ್ ಪಂಪ್ ಎಂಬ ಕಿಣ್ವವಿದೆ. ಪೊಟ್ಯಾಸಿಯಮ್ಮನ್ನು ಒಳಗೆಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಕ್ಕೆ ದೂಡಿ ಆಮ್ಲ ಸುರಿಸುವ ತೂಬು ಅದೇ. ಈ ಮಾತ್ರೆಯ ಗುರಿ ಆ ಕಿಣ್ವ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಜಠರದಲ್ಲಿ ಕರಗಿದರೆ ಈ ಔಷಧ ಗುರಿ ಮುಟ್ಟುವ ಮೊದಲೇ ಆಮ್ಲಕ್ಕೆ ಸಿಕ್ಕಿ ಕೆಟ್ಟುಹೋಗುತ್ತದೆ. ಅದಕ್ಕೇ ಮಾತ್ರೆಗೆ ಹೊದಿಕೆ. ಅದಕ್ಕೇ ಅದನ್ನು ಜಜ್ಜಿ ನುಂಗಬಾರದು. ಅದು ಸಣ್ಣ ಕರುಳಿನಲ್ಲಿ ಕರಗಿ, ರಕ್ತಕ್ಕೆ ಸೇರಿ, ಹಿತ್ತಲ ಬಾಗಿಲಿನಿಂದ ಬಂದಂತೆ ಜಠರದ ಗೋಡೆಯನ್ನು ತಲುಪಿ, ಆಮ್ಲ ಸ್ರವಿಸುತ್ತಿರುವ ಕೋಶಗಳಲ್ಲಿ ಮಾತ್ರ ತನ್ನ ಕ್ರಿಯಾಶೀಲ ರೂಪಕ್ಕೆ ತಿರುಗಿ ಕಿಣ್ವಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತೂಬಿನ ಹೋಲಿಕೆ ಇಲ್ಲಿ ಕುಂಟುತ್ತದೆ, ಏಕೆಂದರೆ ಹರಿಯುತ್ತಿರುವ ತೂಬನ್ನು ಮಾತ್ರ ಮುಚ್ಚುವ ನೀರುಗಂಟಿಯನ್ನು ಯಾರೂ ಕಂಡಿಲ್ಲ. ರಾತ್ರಿಯೆಲ್ಲ ಬಹುಪಾಲು ಸುಮ್ಮನಿದ್ದ ಪಂಪುಗಳು ಬೆಳಗಿನ ತಿಂಡಿಗೆ ಎಚ್ಚರಗೊಳ್ಳುವಾಗ ಔಷಧ ರಕ್ತದಲ್ಲಿ ಸಿದ್ಧವಾಗಿರಬೇಕು. ಆ ಅರ್ಧ ಗಂಟೆಯ ಗುಟ್ಟು ಇಷ್ಟೇ. ಒಂದು ಮಾತ್ರೆಗೆ ಎಲ್ಲ ಪಂಪುಗಳೂ ಸಿಗುವುದಿಲ್ಲವಾದ್ದರಿಂದ ಪೂರ್ಣ ಪರಿಣಾಮಕ್ಕೆ ಮೂರು ನಾಲ್ಕು ದಿನಗಳಾದರೂ ಬೇಕು.

ರಕ್ತದಲ್ಲಿ ಈ ಔಷಧದ ಪ್ರಮಾಣ ಸುಮಾರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದರೂ ದಿನಕ್ಕೊಂದು ಮಾತ್ರೆ ಸಾಕಾಗುವುದೇಕೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಔಷಧ ಹೋದರೂ ಅದು ಹಿಡಿದ ಕಿಣ್ವದ ಬಹುಪಾಲು ಕೆಲಸಕ್ಕೆ ಮರಳುವುದಿಲ್ಲ, ಹೊಸದನ್ನು ಕಟ್ಟಲು ಕೋಶಕ್ಕೆ ಸಮಯ ಬೇಕು.

ಹೃದಯದ ತೊಂದರೆಯವರು ನುಂಗುವ 75 ಮಿಲಿಗ್ರಾಂ ಆಸ್ಪಿರಿನ್ನಿನ ಕಥೆಯೂ ಇದೇ. ಆಸ್ಪಿರಿನ್ ನೋವು, ಉರಿಯೂತಗಳಲ್ಲಿ ಪಾತ್ರವಿರುವ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿದ ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅವನ್ನು ತಯಾರಿಸಲು ಬೇಕಾದ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರವಿಲ್ಲವಾದ್ದರಿಂದ ಅವು ಹೊಸ ಕಿಣ್ವವನ್ನು ಕಟ್ಟಿಕೊಳ್ಳಲಾರದೆ, ತಮ್ಮ 7ರಿಂದ 10 ದಿನಗಳ ಆಯುಷ್ಯವನ್ನು ಹಾಗೆಯೇ ಕಳೆಯುತ್ತವೆ. ಹಲ್ಲು ಕೀಳುವ ಮುನ್ನ ದಂತವೈದ್ಯರು ಆಸ್ಪಿರಿನ್ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸುವುದು ಇದೇ ಕಾರಣಕ್ಕೆ. ಹಾಗೆಂದು ನಿಮ್ಮಷ್ಟಕ್ಕೆ ನೀವೇ ಅದನ್ನು ನಿಲ್ಲಿಸಬೇಡಿ. ಅದೇ ಕಿಣ್ವ ಜಠರದ ಒಳಪದರವನ್ನೂ ಕಾಯುತ್ತದೆ, ಆಸ್ಪಿರಿನ್ನಿಗೆ ಈ ಭೇದ ತಿಳಿಯದು. ಹೃದಯದ ವೈದ್ಯರ ಚೀಟಿಯಲ್ಲಿ ಅನೇಕ ವೇಳೆ ಆಸ್ಪಿರಿನ್ನಿನ ಜೊತೆಗೇ ಪ್ಯಾಂಟೊಪ್ರಜೋಲ್ ಕೂಡ ಇರುವುದು ಅದಕ್ಕಾಗಿ.