ಚಿಲಕವಲ್ಲ, ಕರೆಗಂಟೆ

ಮಲಗುವ ಮುನ್ನ ಟಿ.ವಿ.ಯ ಗೋಡೆ ಸ್ವಿಚ್ಚನ್ನು ಆರಿಸದೆ ನನ್ನ ಅಮ್ಮನಿಗೆ ನಿದ್ದೆ ಹತ್ತುವುದಿಲ್ಲ. ‘ರಿಮೋಟಿನಲ್ಲಿ ಆರಿಸಿದ್ದೇನಲ್ಲಮ್ಮಾ’ ಎಂದರೆ, ‘ಆ ಕೆಂಪು ದೀಪಕ್ಕೇನು ಪುಕ್ಕಟೆ ಕರೆಂಟು ಬರುತ್ತದೆಯೇ?’ ಎನ್ನುತ್ತಾರೆ. ಪವರ್ ಬಟನ್ ಒತ್ತಿದರೆ ವಿದ್ಯುತ್ ನಿಂತಿತು ಎಂದು ನಂಬುವ ಓದಿದವರಿಗಿಂತ ಅಮ್ಮನ ವಿಜ್ಞಾನವೇ ಗಟ್ಟಿ. ರಿಮೋಟಿನ ಬೆಳಕು ತಾಗಿದೊಡನೆ ಟಿ.ವಿ. ಏಳುತ್ತದೆ ಎಂದರೆ, ಅಲ್ಲಿಯವರೆಗೂ ಅದರ ಒಂದು ಕಣ್ಣು ತೆರೆದೇ ಇತ್ತಲ್ಲವೇ? ಅದು ಕೋಳಿನಿದ್ದೆ.

ಗೋಡೆಯ ಸ್ವಿಚ್ಚು ಬಾಗಿಲ ಚಿಲಕ. ಹಾಕಿದರೆ ದಾರಿಯೇ ಬಂದ್. ಅದರ ‘ಟಕ್’ ಸದ್ದಿಗೂ ಒಂದು ಚರಿತ್ರೆಯಿದೆ. ಸಂಪರ್ಕದ ಲೋಹಗಳನ್ನು ನಿಧಾನವಾಗಿ ಬೇರ್ಪಡಿಸಿದರೆ ನಡುವಿನ ಗಾಳಿಯಲ್ಲೇ ವಿದ್ಯುತ್ ಹಾರಿ ನೀಲಿ ಕಿಡಿಯಾಗುತ್ತದೆ, ಲೋಹ ಸುಟ್ಟು ಕರಿಗಟ್ಟುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೆ ಸ್ಪ್ರಿಂಗಿನ ಮದ್ದು ಕಂಡುಹಿಡಿದ. ಬೆರಳು ಎಷ್ಟೇ ಸೋಮಾರಿಯಾಗಿದ್ದರೂ ಲೋಹಗಳು ಮಾತ್ರ ಛಟ್ಟನೆ ಅಗಲುತ್ತವೆ. ಕಿಡಿಗೆ ಬೆಳೆಯಲು ಪುರಸೊತ್ತೇ ಇಲ್ಲ.

ಪವರ್ ಬಟನ್‌ಗೆ ಈ ಗೋಜಿಲ್ಲ. ಅದು ಕರೆಗಂಟೆ. ಬಾಗಿಲು ತೆಗೆಯುವವರು ಒಳಗಿದ್ದಾರೆ. ಮೇಜಿನ ಕಂಪ್ಯೂಟರನ್ನೇ ನೋಡಿ. ಹಳೆಯವುಗಳಲ್ಲಿ 230 ವೋಲ್ಟ್ ನೇರವಾಗಿ ಮುಂದಿನ ಸ್ವಿಚ್ಚಿಗೇ ಬರುತ್ತಿತ್ತು. ಅದಕ್ಕೇ ವಿಂಡೋಸ್ 95 ತನ್ನ ಕೆಲಸ ಮುಗಿಸಿ, ‘ಇನ್ನು ಆರಿಸಬಹುದು’ ಎಂದು ಪರದೆಯ ಮೇಲೆ ಬರೆದು ನಮ್ಮ ಬೆರಳಿಗಾಗಿ ಕಾಯುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಎಂಬ ಕಂಪ್ಯೂಟರ್ ವಿನ್ಯಾಸದಲ್ಲಿ, ಒಳಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಪವರ್ ಸಪ್ಲೈನ ನೇರಳೆ ತಂತಿಯಲ್ಲಿ 5 ವೋಲ್ಟ್ ಸದಾ ಜೀವಂತ. ಮನೆಮಂದಿ ಮಲಗಿದ್ದರೂ ಜಗಲಿಯಲ್ಲಿ ಅಜ್ಜ ಎಚ್ಚರವಾಗಿದ್ದಂತೆ. ಬಟನ್ ಒತ್ತಿದರೆ ಸುದ್ದಿ ಮುಟ್ಟುವುದು ಈ ಅಜ್ಜನಿಗೆ. ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡ್ ಆಗ ಹಸಿರು ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ, ಪವರ್ ಸಪ್ಲೈ ಪೂರ್ತಿ ಎದ್ದು ಕೂರುತ್ತದೆ. ಆರಿಸುವಾಗ ಬಟನ್ ಕೊಡುವುದು ಬರೀ ಅರ್ಜಿ. ಅದನ್ನು ಓದಿ ಏನು ಮಾಡಬೇಕೆಂದು ತೀರ್ಮಾನಿಸುವುದು ತಂತ್ರಾಂಶ. ತಂತ್ರಾಂಶವೇ ಸ್ತಬ್ಧವಾದರೆ? 4 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ಆಗ ಯಂತ್ರಾಂಶ ಯಾರನ್ನೂ ಕೇಳದೆ ಮುಖ್ಯ ಸರಬರಾಜನ್ನು ಕಡಿಯುತ್ತದೆ. ನೇರಳೆ ತಂತಿಯ ಅಜ್ಜ ಮಾತ್ರ ಆಗಲೂ ಮಲಗುವುದಿಲ್ಲ.

ಕರೆಗಂಟೆಯನ್ನು ಒಮ್ಮೆ ಒತ್ತಿದರೂ ಒಳಗೆ ಹಲವು ಬಾರಿ ಕೇಳಿಸುತ್ತದೆ ಎನ್ನುವುದು ಇನ್ನೊಂದು ತಮಾಷೆ. ನೆಲಕ್ಕೆ ಬಿದ್ದ ನಾಣ್ಯ ಕುಣಿದು ಕುಣಿದು ನಿಲ್ಲುವಂತೆ, ಬಟನ್ನಿನ ಪುಟ್ಟ ಲೋಹವೂ ಕೆಲವು ಮಿಲಿಸೆಕೆಂಡು ಕುಣಿಯುತ್ತದೆ. ಕುಣಿತ ನಿಲ್ಲುವವರೆಗೆ ಒಳಗಿನ ಸರ್ಕ್ಯೂಟ್ ಕಾಯದಿದ್ದರೆ ಸಾಧನ ಎದ್ದು, ಮಲಗಿ, ಮತ್ತೆ ಎದ್ದೀತು.

ಬಟನ್ ಮೇಲಿನ ಗುರುತು ಮೊದಲಿನಿಂದಲೂ ಪ್ರಾಮಾಣಿಕವಾಗಿಯೇ ಇತ್ತು. ಗೆರೆ ಎಂದರೆ ಆನ್, ವೃತ್ತ ಎಂದರೆ ಆಫ್. ವೃತ್ತದ ನೆತ್ತಿಯನ್ನು ಸೀಳಿ ನಿಂತ ಗೆರೆ ಎಂದರೆ ಸ್ಟ್ಯಾಂಡ್‌ಬೈ, ಅಂದರೆ ಅದೇ ಕೋಳಿನಿದ್ದೆ. ಓದುವವರೇ ಇರಲಿಲ್ಲ, ಅಷ್ಟೆ. 2004ರಲ್ಲಿ ಎಂಜಿನಿಯರುಗಳ ಐಇಇಇ ಸಂಸ್ಥೆ ಜನರ ತಪ್ಪಿಗೇ ಮಣಿದು, ಆ ಸೀಳುಗೆರೆಯ ಗುರುತು ಬರೀ ‘ಪವರ್’ ಎಂದು ಸಾರಿ, ನಿದ್ದೆಗೆ ಅರ್ಧಚಂದ್ರನನ್ನು ಗೊತ್ತುಮಾಡಿತು.

ಅಮ್ಮನ ಲೆಕ್ಕಕ್ಕೆ ಬರೋಣ. ಎಡೆಬಿಡದೆ 5 ವ್ಯಾಟ್ ಎಳೆಯುವ ಪೆಟ್ಟಿಗೆ ವರ್ಷಕ್ಕೆ ಸುಮಾರು 44 ಯೂನಿಟ್ ನುಂಗುತ್ತದೆ. ಅರ್ಧ ವ್ಯಾಟಿನದಾದರೆ ನಾಲ್ಕೂವರೆ ಯೂನಿಟ್ ಕೂಡ ಇಲ್ಲ. ಇದನ್ನು ಅಮ್ಮನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎದ್ದು ಹೋಗಿ ಸ್ವಿಚ್ಚು ಆರಿಸಿದರು.