ಎಲ್‌ಜಿಬಿಟಿ ಸಮುದಾಯ ದಾನ: ಉಪ್ಪಳದ ವಂತಿಗೆ ಹೊರದೇಶದ ಸಂತ್ರಸ್ತರಿಗೆ ತಲುಪುವ ಬಗೆ

ಎಲ್‌ಜಿಬಿಟಿ ಸಮುದಾಯ ದಾನ ಎಂದ ಕೂಡಲೇ ಹೆಚ್ಚಿನವರು ಆ ಸಮುದಾಯಕ್ಕೆ ಯಾರೋ ಕೊಡುವ ದಾನ ಎಂದುಕೊಳ್ಳುತ್ತಾರೆ. ಇಲ್ಲಿ ಕೊಡುವವರೇ ಅವರು. ಸಲಿಂಗಪ್ರೇಮಿಗಳು, ದ್ವಿಲಿಂಗಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಅವರ ಜೊತೆ ನಿಂತ ಗೆಳೆಯರು ಒಂದಾಗಿ ಹಣ ಕೂಡಿಸಿ, ಭೂಕಂಪ, ನೆರೆ, ಯುದ್ಧಗಳಲ್ಲಿ ನೆಲೆ ಕಳೆದುಕೊಂಡವರಿಗೆ ಸಮುದಾಯದ ಹೆಸರಿನಲ್ಲೇ ಕಳಿಸುವುದಕ್ಕೆ ಈ ಮಾತು. ಪಡೆಯುವವರು ಯಾರೂ ಆಗಬಹುದು. ಗ್ವಾಟೆಮಾಲಾದ ಹಳ್ಳಿಯೊಂದಕ್ಕೆ ಕುಡಿಯುವ ನೀರು ಒದಗಿಸುವುದೂ ಇದರೊಳಗೆ ಬರುತ್ತದೆ, ಶಿಬಿರದಿಂದ ಹೊರಹಾಕಿಸಿಕೊಂಡ ಟ್ರಾನ್ಸ್ ಮಹಿಳೆಗೆ ಬಾಡಿಗೆ ಕೋಣೆ ಹುಡುಕಿಕೊಡುವುದೂ ಬರುತ್ತದೆ. ಎರಡೂ ಸರಿಯೇ. ಆದರೆ ವಂತಿಗೆ ಎತ್ತುವ ಮೊದಲು ಯಾವುದಕ್ಕೆ ಎಂದು ಒಂದು ಸಾಲಿನಲ್ಲಿ ಬರೆದಿಡಬೇಕು. ‘ನೆರೆ ಪರಿಹಾರಕ್ಕೆ’ ಎಂದು ಕೊಟ್ಟವರಿಗೆ ತಮ್ಮ ಹಣ ಮೂವರ ಬಾಡಿಗೆಗೆ ಹೋಯಿತೆಂದು ಆಮೇಲೆ ಗೊತ್ತಾದರೆ, ಕೆಲಸ ಎಷ್ಟೇ ಒಳ್ಳೆಯದಿರಲಿ, ಜಗಳ ತಪ್ಪುವುದಿಲ್ಲ.

ಈ ಪದ್ಧತಿ ಬೆಳೆದದ್ದು ಕಷ್ಟಕಾಲದಲ್ಲಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಏಡ್ಸ್ ಹರಡಿದಾಗ ಸರ್ಕಾರ ತಡಮಾಡಿತು, ಎಷ್ಟೋ ಮನೆಯವರು ಬಾಗಿಲು ಹಾಕಿಕೊಂಡರು. ರೋಗಿಗೆ ಊಟ ಒಯ್ಯುವುದು, ಆಸ್ಪತ್ರೆಯಲ್ಲಿ ಜೊತೆಗೆ ಕೂರುವುದು, ಅದಕ್ಕೆ ಬೇಕಾದ ದುಡ್ಡು ಹೊಂದಿಸುವುದು ಎಲ್ಲವನ್ನೂ ಸಮುದಾಯವೇ ಹೊತ್ತುಕೊಂಡಿತು. ನ್ಯೂಯಾರ್ಕ್‌ನಲ್ಲಿ 1982ರಲ್ಲಿ ಶುರುವಾದ ಗೇ ಮೆನ್ಸ್ ಹೆಲ್ತ್ ಕ್ರೈಸಿಸ್ ಎಂಬ ಸಂಸ್ಥೆ ಇದಕ್ಕೆ ಹಳೆಯ ಉದಾಹರಣೆ. ಹೀಗೆ ಕೂಡಿಸಿ ಹಂಚುವ ಪಳಗಿದ ಕೈಗಳು ಮುಂದೆ ಹೊರಗಿನ ಲೋಕದತ್ತಲೂ ಚಾಚಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2000ದಲ್ಲಿ ಹುಟ್ಟಿದ ರೇನ್‌ಬೋ ವರ್ಲ್ಡ್ ಫಂಡ್ ಎಲ್‌ಜಿಬಿಟಿ ಜನರಿಂದ ಹಣ ಎತ್ತಿ ನೀರಿನ ಯೋಜನೆಗಳಿಗೆ, 2010ರ ಹೈಟಿ ಭೂಕಂಪದಂಥ ವಿಪತ್ತುಗಳಿಗೆ ಕೊಟ್ಟಿತು. ಅದರ ನೆರವು ಸಲಿಂಗಪ್ರೇಮಿಗಳಿಗೆ ಮಾತ್ರ ಎಂದಿರಲಿಲ್ಲ. 2006ರಲ್ಲಿ ಟೊರಾಂಟೊದಲ್ಲಿ ಆರಂಭವಾದ ರೇನ್‌ಬೋ ರೈಲ್‌ರೋಡ್ ಇನ್ನೊಂದು ಬಗೆಯದು. ಹಿಂಸೆಗೆ ಗುರಿಯಾದ ಎಲ್‌ಜಿಬಿಟಿ ಜನರನ್ನು ಸುರಕ್ಷಿತ ದೇಶಕ್ಕೆ ದಾಟಿಸುವುದು ಅದರ ಕೆಲಸ. 2020ರಲ್ಲಿ ಎಲ್‌ಜಿಬಿಟಿ ಹಕ್ಕುಗಳ ಔಟ್‌ರೈಟ್ ಸಂಸ್ಥೆ ಕೋವಿಡ್‌ಗಾಗಿ ತೆರೆದ ತುರ್ತು ನಿಧಿಯೂ ಸಮುದಾಯದೊಳಗಿನವರಿಗೇ ಇತ್ತು.

ಎಲ್ಲರಿಗೂ ಸಿಗುವ ಪರಿಹಾರ ಇರುವಾಗ ಬೇರೆ ನಿಧಿ ಯಾಕೆ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಈ ಪ್ರಶ್ನೆ ಸರಿ. ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನಡವಳಿಕೆ ಸಂಹಿತೆ ನೆರವಿಗೆ ಅಗತ್ಯವೊಂದೇ ಅಳತೆ ಎನ್ನುತ್ತದೆ. ಆದರೆ ಪರಿಹಾರದ ಪಟ್ಟಿ ನಿಲ್ಲುವುದು ಮನೆ, ಕುಟುಂಬ, ಗುರುತಿನ ಚೀಟಿ ಎಂಬ ಮೂರು ಕಾಲುಗಳ ಮೇಲೆ, ಈ ಜನಕ್ಕೆ ಅಲುಗಾಡುವುದೂ ಅವೇ ಮೂರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಅರವಾಣಿಗಳೆಂದು ಕರೆಸಿಕೊಳ್ಳುತ್ತಿದ್ದ ಟ್ರಾನ್ಸ್ ಮಹಿಳೆಯರಲ್ಲಿ ಹಲವರಿಗೆ ರೇಷನ್ ಕಾರ್ಡ್ ಇರಲಿಲ್ಲ, ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಅಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿ ಬಂದದ್ದು 2008ರಲ್ಲಿ. ಹೈಟಿಯಲ್ಲಿ ಗಲಾಟೆ ತಪ್ಪಿಸಲು ಆಹಾರದ ಕೂಪನ್‌ಗಳನ್ನು ಹೆಂಗಸರ ಕೈಗೇ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಮನೆಯಲ್ಲಿ ಹೆಂಗಸರಿಲ್ಲದ ಸಲಿಂಗಪ್ರೇಮಿ ಗಂಡಸರು ಸಾಲಿನ ಹೊರಗುಳಿದರು. ಪಾಕಿಸ್ತಾನದ 2010ರ ನೆರೆಯಲ್ಲಿ ಚೀಟಿಯಿಲ್ಲದ ಟ್ರಾನ್ಸ್‌ಜೆಂಡರ್ ಜನರಿಗೆ ಶಿಬಿರದೊಳಗೆ ಜಾಗ ಸಿಗದ ಉದಾಹರಣೆಗಳು ದಾಖಲಾಗಿವೆ.

ನಮ್ಮ ಕಡೆ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕದ ಕನ್ನಡಿಗರ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ರೀತಿ, ಶಾಲಾ ದಾಖಲೆಯಲ್ಲಿ ಕನ್ನಡದಲ್ಲಿ ಮತ್ತೊಂದು ರೀತಿ ಇರುವುದು ಹೊಸತಲ್ಲ. ಹೆಸರನ್ನೇ ಬದಲಿಸಿಕೊಂಡವರ ಪಾಡು ಅದರ ಇಮ್ಮಡಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಲ್‌ಜಿಬಿಟಿ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೆ ತಿಳಿಸಿದ್ದನ್ನು ಪ್ರಕಟಿಸಿತು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ ಎಂಬ ಸ್ಪಷ್ಟನೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಕೌಂಟರಿನಲ್ಲಿ ಕುಳಿತವರಿಗೆ ಇದು ಗೊತ್ತಿಲ್ಲದಿರಬಹುದು, ಆ ಪ್ರಕಟಣೆಯ ಪ್ರತಿ ಕೈಯಲ್ಲಿರಲಿ.

ಈಗ ಹಣದ ದಾರಿ. ಅದೇ ಜಿಲ್ಲೆಯ ಉಪ್ಪಳದಲ್ಲಿ ಹತ್ತು ಜನ ತಲಾ ₹2,000 ಹಾಕಿ ಹೊರದೇಶದ ಭೂಕಂಪ ಸಂತ್ರಸ್ತರಿಗೆ ಕಳಿಸಬೇಕೆಂದಿದ್ದಾರೆ ಎನ್ನೋಣ. ಮೊದಲು ಹೊಳೆಯುವುದು ಒಬ್ಬರ ಯುಪಿಐಗೆ ಎಲ್ಲರೂ ಹಾಕುವುದು. ಮೊದಲ ಎಡವಟ್ಟೂ ಅಲ್ಲೇ. ಕ್ಯೂಆರ್ ಸ್ಕ್ಯಾನ್ ಮಾಡಿದ ಕೂಡಲೇ ಖಾತೆಯ ಬ್ಯಾಂಕ್ ಹೆಸರು ಪರದೆಯ ಮೇಲೆ ಬರುತ್ತದೆ. ಸ್ನೇಹಾ ಎಂದು ಎಲ್ಲರಿಗೂ ಪರಿಚಯವಿರುವವರ ಹಳೆಯ ಗಂಡು ಹೆಸರು ಆಗ ಹತ್ತೂ ಜನರ ಮೊಬೈಲಿನಲ್ಲಿ ಕಾಣುತ್ತದೆ. ಕೊಡುವವರದ್ದೂ ಅದೇ ಕಥೆ. ಟಿಪ್ಪಣಿಯ ಜಾಗದಲ್ಲಿ ‘ಪ್ರೈಡ್ ಫಂಡ್’ ಎಂದು ಬರೆದರೆ ಅದು ಸ್ಟೇಟ್‌ಮೆಂಟಿಗೆ ಹೋಗಬಹುದು, ಅಪ್ಪನ ಜೊತೆ ಜಂಟಿ ಖಾತೆ ಇದ್ದರೆ ಅಪ್ಪನ ಕಣ್ಣಿಗೂ ಬೀಳಬಹುದು. ಟಿಪ್ಪಣಿಯಲ್ಲಿ ‘ಪರಿಹಾರ’ ಎಂದಷ್ಟೇ ಸಾಕು. ಖಾತೆಗೆ ಇಬ್ಬರ ಸಹಿ ಇರಲಿ.

ಆ ₹20,000 ಹೊರದೇಶಕ್ಕೆ ಹೋಗುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ, ಅಂದರೆ ಎಲ್‌ಆರ್‌ಎಸ್‌ನಲ್ಲಿ. ವ್ಯಕ್ತಿಯೊಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಟ್ರಸ್ಟು, ಸಂಘಗಳಿಗೆ ಈ ಯೋಜನೆ ಇಲ್ಲ, ವ್ಯಕ್ತಿಗೆ ಮಾತ್ರ. ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ಪ್ಯಾನ್ ಕೊಡಬೇಕು, ಉದ್ದೇಶದ ಕೋಡ್ ಬರೆಯಬೇಕು. ಹೊರದೇಶದ ಧರ್ಮಾರ್ಥ ಸಂಸ್ಥೆಗಾದರೆ ಎಸ್1303, ವ್ಯಕ್ತಿಗೆ ಕೊಡುವ ಉಡುಗೊರೆ ಅಥವಾ ದಾನವಾದರೆ ಎಸ್1302. ಗುಮಾಸ್ತರು ಅಭ್ಯಾಸಬಲದಿಂದ ಕುಟುಂಬ ನಿರ್ವಹಣೆಯ ಎಸ್1301 ಹಾಕಿಬಿಟ್ಟರೆ ಒಪ್ಪಿಕೊಳ್ಳಬೇಡಿ, ನಾಳೆ ವಿಚಾರಣೆ ಬಂದರೆ ಉತ್ತರಿಸಬೇಕಾದದ್ದು ಸಹಿ ಹಾಕಿದವರು. ಪಡೆಯುವ ಸಂಸ್ಥೆಯ ಹೆಸರು ಅದರ ಬ್ಯಾಂಕ್ ದಾಖಲೆಯಲ್ಲಿ ಇದ್ದಂತೆಯೇ ಇರಬೇಕು. ಆ ಬ್ಯಾಂಕಿನ ಅಂತರರಾಷ್ಟ್ರೀಯ ಗುರುತಾದ ಸ್ವಿಫ್ಟ್ ಕೋಡ್, ಯುರೋಪಿನ ಖಾತೆಯಾದರೆ ಐಬಾನ್ ಎಂಬ ಖಾತೆ ಸಂಖ್ಯೆಯೂ ಬೇಕು. ಒಂದಂಕಿ ತಪ್ಪಿದರೂ ಹಣ ದಿನಗಟ್ಟಲೆ ನಡುವೆ ಸಿಕ್ಕಿಕೊಂಡು, ಶುಲ್ಕ ಕಳೆದು ವಾಪಸ್ ಬರುತ್ತದೆ.

ಸಣ್ಣ ಮೊತ್ತವನ್ನು ತಿಂದುಹಾಕುವುದು ಶುಲ್ಕ. ಕಳಿಸುವ ಬ್ಯಾಂಕಿನದ್ದು ಒಂದು, ನಡುವಿನ ಬ್ಯಾಂಕಿನದ್ದು ಒಂದು, ಡಾಲರ್ ದರದಲ್ಲೇ ಅಡಗಿದ ಅಂಚು ಇನ್ನೊಂದು, ಮೇಲೆ ಕರೆನ್ಸಿ ಬದಲಾವಣೆಯ ಜಿಎಸ್‌ಟಿ ಕನಿಷ್ಠ ₹45. ಎಲ್ಲ ಸೇರಿ ₹1,000 ಎಂದಿಟ್ಟುಕೊಂಡರೆ ₹2,000 ಕಳಿಸಿದವರ ಅರ್ಧ ಹಣ ದಾರಿಯಲ್ಲೇ ಖಾಲಿ, ₹20,000 ಒಟ್ಟಿಗೆ ಹೋದರೆ ಇಪ್ಪತ್ತರಲ್ಲಿ ಒಂದು ಪಾಲು. ಹಾಗೆಂದು ಹತ್ತು ಜನರ ಹಣವನ್ನು ಒಬ್ಬರೇ ತಮ್ಮ ಹೆಸರಲ್ಲಿ ಕಳಿಸುವುದಕ್ಕೂ ಅದರದೇ ತಲೆನೋವಿದೆ. ಫಾರಂನಲ್ಲಿ ಹಣ ತನ್ನದೆಂದು ಘೋಷಿಸಿ ಸಹಿ ಹಾಕಬೇಕು, ಎಲ್‌ಆರ್‌ಎಸ್‌ನಲ್ಲಿ ಒಟ್ಟುಗೂಡಿಸಲು ಬಿಡುವುದು ಕುಟುಂಬದವರ ಪಾಲನ್ನು ಮಾತ್ರ, ಗೆಳೆಯರದ್ದನ್ನಲ್ಲ. ಹಾಗಾಗಿ ಸಣ್ಣ ಮೊತ್ತಕ್ಕೆ ಪ್ರತಿಯೊಬ್ಬರೂ ಸಂಸ್ಥೆಯ ಜಾಲತಾಣದಲ್ಲಿ ತಮ್ಮ ತಮ್ಮ ಕಾರ್ಡಿನಿಂದ ಕೊಡುವುದೇ ಲೇಸು. ಹಲವು ಕಾರ್ಡುಗಳಲ್ಲಿ ವಿದೇಶಿ ವಿನಿಮಯದ ಶುಲ್ಕ ಶೇ 3.5ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಮೊದಲೇ ಆನ್ ಇರುವುದಿಲ್ಲ, 2020ರಿಂದ ನಿಯಮವೇ ಹಾಗೆ. ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಕೊಟ್ಟಾದ ಮೇಲೆ ಆಫ್ ಮಾಡಿ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಆಯ್ಕೆಯನ್ನು ನೆಚ್ಚಿಕೊಳ್ಳಬೇಡಿ. 2021ರ ಅಕ್ಟೋಬರ್‌ನ ಇ-ಮ್ಯಾಂಡೇಟ್ ನಿಯಮದ ನಂತರ ಹೊರದೇಶದ ತಾಣಗಳಲ್ಲಿ ಅದು ಆಗಾಗ ವಿಫಲವಾಗುತ್ತದೆ. ಹೊರದೇಶದ ಸಂಸ್ಥೆಗೆ ನೇರ ಕೊಟ್ಟದ್ದಕ್ಕೆ ದಾನಕ್ಕಿರುವ ತೆರಿಗೆ ರಿಯಾಯಿತಿ ಸಿಗದು.

ಸಂಘ ಕಟ್ಟಿಯೇ ಕೊಡುತ್ತೇವೆ ಎನ್ನುವವರಿಗೆ ಎರಡು ಮಾತು. ಕಾಸರಗೋಡು ಸೇರಿದಂತೆ ಮಲಬಾರ್ ಭಾಗದಲ್ಲಿ ಸಂಘದ ನೋಂದಣಿ 1860ರ ಕೇಂದ್ರ ಕಾಯ್ದೆಯಡಿ, ಕನಿಷ್ಠ ಏಳು ಸದಸ್ಯರು. ರಾಜ್ಯದ ಗಡಿಯಾದ ತಲಪಾಡಿಯ ಆಚೆ ಮಂಗಳೂರಿನಲ್ಲಾದರೆ ಕರ್ನಾಟಕದ 1960ರ ಕಾಯ್ದೆ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ಅಷ್ಟಕ್ಕೆ ವಿನಾಯಿತಿ ಹೋಗುತ್ತದೆ, ಉಳಿಸಿಕೊಳ್ಳಲು ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ಹೊರದೇಶದ ನೆರವೇ ಗುರಿಯಾದರೆ ಸಂಘ ಕಟ್ಟುವ ಗೋಜಿಗೆ ಹೋಗದಿರುವುದೇ ವಾಸಿ.

ಹೊರದೇಶದಿಂದ ಹಣ ಒಳಬರುವಾಗ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅಡ್ಡ ನಿಲ್ಲುತ್ತದೆ. ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ವಿದೇಶಿ ಮೂಲದಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯ ವಿದೇಶಿ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ದಾಟಬಾರದು, ಇನ್ನೊಂದು ಸಂಸ್ಥೆಗೆ ವರ್ಗಾಯಿಸಬಾರದು. ಊರಿನ ಮಟ್ಟಕ್ಕೆ ಪೆಟ್ಟು ಕೊಟ್ಟದ್ದು ಈ ಕೊನೆಯ ಷರತ್ತು. ದೊಡ್ಡ ನಗರದ ಸಂಸ್ಥೆ ತಾನು ಪಡೆದು ನೋಂದಾಯಿತ ಸಣ್ಣ ಸಂಸ್ಥೆಗಳಿಗೆ ಹಂಚುವ ದಾರಿ ಅಲ್ಲಿಗೆ ಮುಚ್ಚಿತು. ತನ್ನ ಸಿಬ್ಬಂದಿಯಿಂದಲೇ ಸಾಮಾನು ಹಂಚಿಸಬೇಕು, ಕುಂಬಳೆಯಲ್ಲಿ ಅದಕ್ಕೆ ಸಿಬ್ಬಂದಿ ಎಲ್ಲಿಂದ ಬರಬೇಕು?

ಗಲ್ಫಿನವರ ಹಣದ ಲೆಕ್ಕ ಬೇರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಪಡೆಯುವವರು ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಬೇಕು. ಅಲ್ಲಿನ ವಿದೇಶಿ ಗೆಳೆಯರಿಂದ ಎತ್ತಿದ್ದನ್ನು ತನ್ನದೆಂದು ಕಳಿಸಿದರೆ ಕೆಟ್ಟಿತು, ಪೌರತ್ವ ಬದಲಿಸಿದ ಒಸಿಐ ಕಾರ್ಡಿನವರ ಹಣವೂ ವಿದೇಶಿಯೇ. ಇದಕ್ಕಿಂತ ದೊಡ್ಡ ಅಪಾಯ ಅಲ್ಲಿನದ್ದು. ಯುಎಇಯಲ್ಲಿ ದೇಣಿಗೆಯ ಬಗ್ಗೆ 2021ರ 3ನೇ ಫೆಡರಲ್ ಕಾನೂನಿದೆ, ಪರವಾನಗಿ ಇಲ್ಲದೆ ಜನರಿಂದ ಹಣ ಸಂಗ್ರಹಿಸುವುದು ಅಪರಾಧ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೂ ಅದು ಪಿರಿವೇ, ಅಂದರೆ ವಂತಿಗೆ ಎತ್ತಿದಂತೆಯೇ. ಸಲಿಂಗ ಸಂಬಂಧಕ್ಕೂ ಅಲ್ಲಿ ಶಿಕ್ಷೆ ಇದೆ. ದುಬೈ, ಶಾರ್ಜಾದಲ್ಲಿರುವವರನ್ನು ಇಂಥ ಗುಂಪಿಗೆ ಸೇರಿಸಲೇಬಾರದು. ಕೊಡುವ ಮನಸ್ಸಿದ್ದರೆ ಅವರು ಸಂಬಳದ ಹಣವನ್ನು ಎಂದಿನಂತೆ ಊರಿನ ತಮ್ಮ ಖಾತೆಗೆ ಹಾಕಿ, ರಜೆಯಲ್ಲಿ ಬಂದಾಗ ಇಲ್ಲಿಂದ ಕೊಡಲಿ. ಕುಳಲ್ಪಣದ, ಅಂದರೆ ಹವಾಲಾ ಹಣದ, ಮಾತು ಬೇಡವೇ ಬೇಡ.

ಸಾಮಾನು ಕಳಿಸಬಹುದಲ್ಲ ಎಂಬ ಆಸೆ ನಮ್ಮಲ್ಲಿ ಸಹಜ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕೊಂಡೊಯ್ದ ಊರು ಇದು. ಆದರೆ ಹೊರೆಕಾಣಿಕೆಯ ಅಕ್ಕಿ, ತೆಂಗಿನಕಾಯಿಗೆ ಉಗ್ರಾಣ ಕಾದಿರುತ್ತದೆ, ವಿಪತ್ತಿನ ದೇಶದ ಬಂದರಿನಲ್ಲಿ ಹಳೆಬಟ್ಟೆಯ ಮೂಟೆಗೆ ಕಾದಿರುವುದು ಕಸ್ಟಮ್ಸ್. ದೂರಕ್ಕೆ ಹಣವೇ ಸರಿ. ರಕ್ತದಾನದ ಬಾಗಿಲಂತೂ ಈ ಸಮುದಾಯದ ಹಲವರಿಗೆ ಮುಚ್ಚಿದೆ. 2017ರ ರಾಷ್ಟ್ರೀಯ ಮಾರ್ಗಸೂಚಿ ಟ್ರಾನ್ಸ್‌ಜೆಂಡರ್ ಜನರನ್ನೂ ಸಲಿಂಗಿ ಗಂಡಸರನ್ನೂ ರಕ್ತದಾನದಿಂದ ಹೊರಗಿಟ್ಟಿತು, ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ.

ಕೊಡುವ ಮೊದಲು ಸಂಸ್ಥೆಗೆ ಒಂದು ಇಮೇಲ್ ಬರೆದು ಕೇಳಿ: ಶಿಬಿರದಲ್ಲಿ ಶೌಚಾಲಯ ಹೇಗಿದೆ? ವಿಪತ್ತು ಪರಿಹಾರಕ್ಕೆ ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಮೊದಲ ಹಂತದಲ್ಲಿ 50 ಜನಕ್ಕೆ ಒಂದು, ಆಮೇಲೆ 20 ಜನಕ್ಕೆ ಒಂದು. ನೀರು ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ಸೂರಿನಡಿ ವಾಸದ ಜಾಗ ತಲೆಗೆ ಕನಿಷ್ಠ 3.5 ಚದರ ಮೀಟರ್. ಗಂಡು, ಹೆಣ್ಣು ಎಂದು ಎರಡೇ ಸಾಲು ಶೌಚಾಲಯ ಇದ್ದರೆ ಟ್ರಾನ್ಸ್ ಜನ ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ. ಒಳಗಿನಿಂದ ಚಿಲಕವಿರುವ, ಹೊರಗೆ ದೀಪವಿರುವ, ಯಾರೂ ಬಳಸಬಹುದಾದ ಒಂಟಿ ಶೌಚಾಲಯ ಒಂದಿದ್ದರೂ ಎಷ್ಟೋ ಸಮಾಧಾನ. ಅಂಗವಿಕಲರಿಗೂ ವೃದ್ಧರಿಗೂ ಅದೇ ಆಗುತ್ತದೆ. ಕಿಟ್‌ನಲ್ಲಿ ಗಡ್ಡದ ಬ್ಲೇಡು, ಸ್ಯಾನಿಟರಿ ಪ್ಯಾಡು ಎರಡನ್ನೂ ಯಾರು ಬೇಕಾದರೂ ಕೇಳಿ ಪಡೆಯುವ ಹಾಗಿದೆಯೇ? ‘ಕುಟುಂಬಕ್ಕೊಂದು’ ಎಂದು ಹಂಚುವಾಗ ಒಂಟಿಯಾಗಿರುವವರು ಯಾವ ಲೆಕ್ಕಕ್ಕೆ?

ಔಷಧದ ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ. ಎಚ್‌ಐವಿಯ ಎಆರ್‌ಟಿ ಮಾತ್ರೆ ತಪ್ಪಿಸುವಂತಿಲ್ಲ, ಹಾರ್ಮೋನ್ ಚಿಕಿತ್ಸೆ ಹಠಾತ್ ನಿಂತರೂ ಮೈಮನಸ್ಸು ಏರುಪೇರು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಔಷಧ ಎಲ್ಲಿಂದ ಬರುತ್ತದೆ, ದಾರಿ ಮುಚ್ಚಿದರೆ ಇನ್ನೊಂದು ದಾರಿ ಯಾವುದು ಎಂಬುದಕ್ಕೆ ನೇರ ಉತ್ತರವಿಲ್ಲದ ಸಂಸ್ಥೆಗೆ ಕೊಡುವ ಹಣವನ್ನು ಬೇರೆಡೆ ಕೊಡುವುದೇ ಮೇಲು.

ಕೊನೆಗೆ ಲೆಕ್ಕ. ಕೊಟ್ಟವರ ಹೆಸರು ಹಾಕಿ ಪಟ್ಟಿ ಹಂಚುವ ನಮ್ಮ ರೂಢಿ ಇಲ್ಲಿ ನಡೆಯದು. ರಸೀದಿಗೆ ಸಂಖ್ಯೆ ಕೊಡಿ, ಆ ಸಂಖ್ಯೆಯ ಮುಂದೆ ಮೊತ್ತ ಬರೆದು ಪಟ್ಟಿ ಹಂಚಿ. ಯಾವ ಸಂಖ್ಯೆ ಯಾರದ್ದು ಎಂಬ ಪುಸ್ತಕ ಖಜಾಂಚಿಯ ಬಳಿ ಬೀಗದೊಳಗಿರಲಿ, ಮೊಬೈಲಿನಲ್ಲಿ ಬೇಡ. ಪಡೆದವರ ಫೋಟೊ ಕೇಳಬೇಡಿ, ಸಂಸ್ಥೆಯ ರಸೀದಿ, ಬ್ಯಾಂಕಿನ ಸ್ವಿಫ್ಟ್ ಪ್ರತಿ, ಶುಲ್ಕದ ಚೀಟಿ ಇಷ್ಟು ಸಾಕು. ಹಣ ಉಳಿದರೆ ಮುಂದಿನ ವಿಪತ್ತಿಗೆ ಇಡುವುದೋ, ಕೊಟ್ಟವರಿಗೆ ಮರಳಿಸುವುದೋ ಎಂಬುದನ್ನೂ ಆರಂಭದ ಒಂದು ಸಾಲಿನ ಕೆಳಗೇ ಬರೆದಿಡಿ. ಹಣ ಕೈಗೆ ಬಂದ ಮೇಲೆ ಆ ಮಾತು ತೆಗೆಯುವುದು ಕಷ್ಟ.