ಕಾಮಿಡಿ-ಡ್ರಾಮಾ: ನಕ್ಕಿದ್ದಕ್ಕೇ ಗಂಟಲು ಕಟ್ಟುವ ಸಿನಿಮಾ

ನಮ್ಮ ಸಿನಿಮಾಗಳಲ್ಲಿ 'ಕಾಮಿಡಿ ಟ್ರ್ಯಾಕ್' ಅಂತ ಒಂದಿರುತ್ತದೆ. ಕಥೆ ಅದರ ಪಾಡಿಗೆ ಸಾಗುತ್ತದೆ, ನಗಿಸುವವರು ಆಗಾಗ ಬಂದು ಹೋಗುತ್ತಾರೆ. ಕಾಮಿಡಿ-ಡ್ರಾಮಾ ಅಂದರೆ ಹಾಗಲ್ಲ. ಇಲ್ಲಿ ನಗಿಸುವವರೇ ಅಳಿಸುತ್ತಾರೆ. ಎರಡೂ ಪದ ಸೇರಿಸಿ 'ಡ್ರಾಮೆಡಿ' ಅಂತಲೂ ಕರೆಯುತ್ತಾರೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ 2015ರ ಬ್ರಿಟಿಷ್ ಚಿತ್ರ 'ದಿ ಲೇಡಿ ಇನ್ ದಿ ವ್ಯಾನ್'. ಬಹುಪಾಲು ನಡೆದ ಕಥೆ. ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿ ಮಿಸ್ ಶೆಫರ್ಡ್ ಎಂಬ ವಯಸ್ಸಾದ ಹೆಂಗಸು ವ್ಯಾನಿನಲ್ಲೇ ಬದುಕುತ್ತಿದ್ದರು. ರಸ್ತೆಯಲ್ಲಿ ವ್ಯಾನ್ ನಿಲ್ಲಿಸಿಕೊಂಡಿರುವುದು ಕಷ್ಟವಾದಾಗ, 1974ರಲ್ಲಿ, ನಾಟಕಕಾರ ಅಲನ್ ಬೆನೆಟ್ ತಮ್ಮ ಮನೆ ಮುಂದಿನ ಜಾಗ ಬಿಟ್ಟುಕೊಟ್ಟರು. ಸ್ವಲ್ಪ ದಿನದ ಮಟ್ಟಿಗೆ ಅಂತ. ಮಿಸ್ ಶೆಫರ್ಡ್ ಅಲ್ಲಿದ್ದದ್ದು 15 ವರ್ಷ, 1989ರಲ್ಲಿ ತೀರಿಕೊಳ್ಳುವ ತನಕ. ಚಿತ್ರೀಕರಣ ನಡೆದದ್ದೂ ಅದೇ ಮನೆಯಲ್ಲಿ.

ಆ ಪಾತ್ರ ಮಾಡಿದವರು ಮ್ಯಾಗಿ ಸ್ಮಿತ್. 1999ರಲ್ಲಿ ರಂಗದ ಮೇಲೂ ಇದನ್ನು ಅವರೇ ಮಾಡಿದ್ದರು. ಮೈಮೇಲೆ ಒಂದರ ಮೇಲೊಂದು ಹಳೇ ಬಟ್ಟೆ, ಹತ್ತಿರ ಹೋದರೆ ವಾಸನೆ. ವ್ಯಾನಿಗೆ ತಾವೇ ಬ್ರಷ್ ಹಿಡಿದು ಹಳದಿ ಬಣ್ಣ ಬಳಿಯುತ್ತಾರೆ, ಅದೂ ಗಂಟುಗಂಟಾಗಿ. ಯಾರು ಏನು ಕೊಟ್ಟರೂ ಥ್ಯಾಂಕ್ಸ್ ಅನ್ನುವ ಅಭ್ಯಾಸವಿಲ್ಲ. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ವ್ಯಾನ್ ತಮ್ಮ ಬಾಗಿಲ ಮುಂದೆ ನಿಲ್ಲದಿದ್ದರೆ ಸಾಕು ಅವರಿಗೆ. ಈ ಮುಜುಗರ ನಮಗೂ ಗೊತ್ತಿರುವಂಥದ್ದೇ, ಅಲ್ವಾ?

ಈಗ ಒಂದೇ ಒಂದು ಎಳೆ ಹಿಡಿದು ನೋಡಿ. ಮಿಸ್ ಶೆಫರ್ಡ್‌ಗೆ ಸಂಗೀತ ಕೇಳಿದರೆ ಆಗುವುದಿಲ್ಲ. ಮಕ್ಕಳು ವಾದ್ಯ ನುಡಿಸಿದರೂ ಸಿಡುಕಿ ನಿಲ್ಲಿಸುತ್ತಾರೆ. ಸಿಡುಕಿನ ಮುದುಕಿ ಅಂತ ನಾವು ಜೋರಾಗಿ ನಗುತ್ತೇವೆ. ಆಮೇಲೆ ತಿಳಿಯುತ್ತದೆ: ಅವರು ಪ್ಯಾರಿಸ್‌ನಲ್ಲಿ ಹೆಸರಾಂತ ಪಿಯಾನೋ ವಾದಕ ಆಲ್ಫ್ರೆಡ್ ಕೋರ್ತೊ ಅವರ ಬಳಿ ಪಿಯಾನೋ ಕಲಿತವರು. ಸನ್ಯಾಸಿನಿಯಾಗಲು ಹೋದ ಕಾನ್ವೆಂಟಿನಲ್ಲಿ ಅದನ್ನು ಮುಟ್ಟಬಾರದು ಅಂದುಬಿಟ್ಟರು. ನಾವು ನಕ್ಕ ಆ ಸಿಡುಕು ಸುಮ್ನೆ ಬಂದದ್ದಲ್ಲ.

ಕಾಮಿಡಿ-ಡ್ರಾಮಾ ಅನ್ನುವ ಪದದ ನಡುವಿನ ಆ ಚಿಕ್ಕ ಗೆರೆ ಮಾಡುವ ಕೆಲಸ ಇದೇ. ಚೂರು ನಗು, ಚೂರು ಅಳು ಅಂತ ಪಾಲು ಹಾಕುವುದಲ್ಲ. ನಕ್ಕ ಜಾಗಕ್ಕೇ ನಮ್ಮನ್ನು ವಾಪಸ್ ಕರೆತರುವುದು.

ಕೊನೆಗಾಲದಲ್ಲಿ ಅವರ ಮುಂದೆ ಮತ್ತೆ ಒಂದು ಪಿಯಾನೋ ಬರುತ್ತದೆ. ಅವರು ಕೂತು ನುಡಿಸುತ್ತಾರೆ.